ಹಳೆಯ ಹಾಸು ಕತ್ತರಿಸುವ ಮೊದಲು

ಮೊನ್ನೆ ಬನಹಟ್ಟಿಯ ನೇಕಾರರ ಸಂಘದಲ್ಲಿ ಸರ್ವರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಒಳಗಿನಿಂದ ಬಂದದ್ದು ನೂಲಿಗೆ ಹಾಕುವ ಗಂಜಿಯ ವಾಸನೆ. ಓಣಿಯ ತುಂಬ ಮಗ್ಗಗಳಿದ್ದರೆ ಕಂಪ್ಯೂಟರಿನೊಳಗೂ ನೂಲಿನ ಧೂಳೇ ಕೂರುವುದು. ಅದನ್ನು ಒರೆಸುತ್ತ ಕೂತವನಿಗೆ ಕಾಕಾ ನೆನಪಾದರು... ಒರೆಸುವ ಕೈ ಅಲ್ಲಿಗೇ ನಿಂತಿತು.

ಕಾಕಾ ನನಗೆ ಸಂಬಂಧಿಕರಲ್ಲ. ಸೀರೆಯ ಅಂಚಿನ ಚಿತ್ತಾರಕ್ಕೆ ರಟ್ಟು ಕೊರೆಯುವವರು. ಒಂದೊಂದು ರಟ್ಟಿನ ತೂತುಗಳು ಮಗ್ಗಕ್ಕೆ ಒಂದೊಂದು ಸಾಲು ಹೇಳಿಕೊಡುತ್ತವೆ. ಅಂಥ ನೂರಾರು ರಟ್ಟು ಪೋಣಿಸಿದರೆ ಒಂದು ಅಂಚು. ಓಣಿಗೆಲ್ಲ ಕಾಕಾ, ಹಾಗಾಗಿ ನನಗೂ ಕಾಕಾ. ಅವರು ಜೀವಮಾನವಿಡೀ ಕೊರೆದ ರಟ್ಟುಗಳನ್ನು ಸಂಘದವರು ಸ್ಕ್ಯಾನ್ ಮಾಡಿಸಿ ಸರ್ವರಿಗೆ ಹಾಕಿಸಿದ್ದರು. ಮೂಲ ರಟ್ಟುಗಳಿಗೆ ಅಷ್ಟರಲ್ಲಿ ಗೆದ್ದಲು ಹತ್ತಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಕಾಕಾ ಬದುಕಿನಲ್ಲಿ ಮಾಡಿದ್ದೆಲ್ಲ ಉಳಿದಿದ್ದದ್ದು ಆ ಒಂದು ಪೆಟ್ಟಿಗೆಯಲ್ಲಿ.

ನಾನು ವಾರಕ್ಕೊಮ್ಮೆ ಜಮಖಂಡಿಯಿಂದ ಬಸ್ಸು ಹಿಡಿದು ಹೋಗಿ ಆ ಸರ್ವರ್ ನೋಡಿಕೊಳ್ಳುತ್ತಿದ್ದೆ. ಬ್ರೌಸರಿನಲ್ಲಿ ತೆರೆಯುವ ಒಂದು ಪುಟದಿಂದಲೇ ಅದರ ಕಾರಭಾರವೆಲ್ಲ. ಆ ಪುಟಕ್ಕೆ ಒಂದು ಪ್ಲಗಿನ್, ಅಂದರೆ ಹೊಸ ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಂ, ಬರೆಯುವ ಹುಮ್ಮಸ್ಸು ಬಂತು. ಎಡಗಡೆ ಒಂದು ಹೊಸ ಬಟನ್. ಒತ್ತಿದರೆ ವಿನ್ಯಾಸಗಳೆಲ್ಲ ಎರಡನೆಯ ಡಿಸ್ಕಿಗೆ ನಕಲಾಗಬೇಕು. ಮೌಸ್ ಹಿಡಿಯಲು ಅಂಜುವ ಸಂಘದ ಕಾರ್ಯದರ್ಶಿಗೂ ಅದನ್ನು ಒತ್ತಲು ಬರಬೇಕು. ತಿಂಗಳು ಹೆಣಗಿ ಬರೆದು ಮುಗಿಸಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದನ್ನು ಏರಿಸಲು ಸಂಘಕ್ಕೆ ಹೋದಾಗ ಕಾಕಾ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಆ ಬಟನ್ ಏನೇನು ಮಾಡುತ್ತದೆ, ಒಂದೊಂದೇ ರಟ್ಟು ಓದಿದ ಹಾಗೆ ಓದು ಎಂದರು. ಇಂಗ್ಲಿಷ್ ಅಕ್ಷರ ಬಾರದ ಮುದುಕರಿಗೆ ಏನು ತಿಳಿದೀತು ಎಂದು ಒಳಗೊಳಗೇ ನಗುತ್ತ ಶುರುಮಾಡಿದೆ. ಒಂದು, ಎರಡನೆಯ ಡಿಸ್ಕು ಇದೆಯೇ ನೋಡು. ಎರಡು, ಜಾಗ ಸಾಕೇ ನೋಡು. ಮೂರು, ಅಲ್ಲಿರುವ ಹಳೆಯ ನಕಲು ಅಳಿಸು. ನಾಲ್ಕು...

ಕಾಕಾ ಬೆರಳು ಎತ್ತಿದರು.

“ತಡಿ ತಮ್ಮಾ. ಹಳೇ ಹಾಸು ಕತ್ತರಿಸಿ ಒಗದ ಮ್ಯಾಲೆ ಹೊಸಾದು ಎದಕ್ಕ ಗಂಟ ಹಾಕ್ತಿ?”

“ನಾಕ ಮಿನಿಟಿನ ಕೆಲಸರಿ ಕಾಕಾ,” ಎಂದೆ.

“ಆ ನಾಕ ಮಿನಿಟಿನ್ಯಾಗ ಕರೆಂಟ್ ಹೋತಂದ್ರ?”

ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ ನೇಕಾರರು ಹಳೆಯ ಎಳೆಗಳನ್ನು ಪೂರ್ತಿ ಕಿತ್ತುಹಾಕುವುದಿಲ್ಲ. ಗೇಣುದ್ದ ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದರ ತುದಿಗೆ ಗಂಟು ಹಾಕುತ್ತಾರೆ. ಹೊಸದು ಹಳೆಯದನ್ನು ಹಿಡಿದುಕೊಂಡೇ ಮಗ್ಗದೊಳಗೆ ದಾಟಿ ಬರುತ್ತದೆ. ಆ ಓಣಿಯಲ್ಲಿ ಇದನ್ನು ಎಷ್ಟು ಸಲ ನೋಡಿದ್ದೆನೋ... ನೋಡಿದ್ದು ತಲೆಗೆ ಹೋಗಿರಲಿಲ್ಲ.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೂ ತಿದ್ದಿದೆ. ಹೊಸ ನಕಲು ಬೇರೆ ಹೆಸರಿನಲ್ಲಿ ಕೂರಲಿ, ಪೂರ್ತಿ ಬಂದಿದೆಯೇ ಎಂದು ಪ್ಲಗಿನ್ನೇ ಪರೀಕ್ಷಿಸಲಿ, ಆಮೇಲಷ್ಟೇ ಹಳೆಯದು ಹೋಗಲಿ. ಪ್ಲಗಿನ್ನಿನ ಕಡತಗಳನ್ನೆಲ್ಲ ಒಂದೇ ಕಟ್ಟು ಮಾಡಿ ಆ ಪುಟದಿಂದ ಏರಿಸಿದೆ. ಇನ್‌ಸ್ಟಾಲ್ ಆಗಿ ಎಡಗಡೆ ಬಟನ್ ಕಾಣಿಸಿಕೊಂಡಿತು. ಕಾರ್ಯದರ್ಶಿ ಒತ್ತಿದರು, ಮೊದಲ ನಕಲು ಸುಸೂತ್ರವಾಗಿ ಆಯಿತು.

ಮುಂದಿನ ವಾರ ನನ್ನೆದುರೇ ಎರಡನೆಯ ಸಲ ಒತ್ತಿದರು. ನಕಲು ಅರ್ಧಕ್ಕೆ ಬಂದಿತ್ತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಕರೆಂಟ್ ಹೋಗಿತ್ತು. ತಿರುಗಿ ಬಂದಾಗ ಮೂಲ ವಿನ್ಯಾಸಗಳಿದ್ದ ಮೊದಲ ಡಿಸ್ಕು ಎರಡು ಸಲ ಕಟಕಟ ಅಂದು ನಿಂತೇಹೋಯಿತು. ಬೇರೆ ಕಂಪ್ಯೂಟರಿಗೆ ಎರಡನೆಯ ಡಿಸ್ಕು ಹಚ್ಚಿ ನೋಡಿದೆ. ಹೊಸ ನಕಲು ಅರೆಬರೆ. ಅದರ ಪಕ್ಕದಲ್ಲೇ ಹಳೆಯದು, ಒಂದು ರಟ್ಟೂ ಕಡಿಮೆಯಾಗದೆ, ಕೂತಿತ್ತು.

ಓಡಿಹೋಗಿ ಹೇಳಿದೆ. ಕಾಕಾ ಮನೆಯ ಕಟ್ಟೆಯ ಮೇಲೆ ಯಾವುದೋ ಹೊಸ ರಟ್ಟು ಕೊರೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಹಳೇದ ಇತ್ತಿಲ್ಲೋ? ಆತು ಬಿಡು,” ಅಂದವರೇ ಮುಂದಿನ ತೂತಿಗೆ ಉಳಿ ಇಟ್ಟರು.

ನಾನು ಅಲ್ಲೇ ನಿಂತೆ. ಕೀಬೋರ್ಡ್ ಮುಟ್ಟದ ಆ ಕೈಗಳನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ. ತಿಂಗಳಿಡೀ ನನ್ನ ಕಣ್ಣಿಗೆ ಬೀಳದ್ದು ಅವರ ಕಿವಿಗೆ ಮೂರನೆಯ ಸಾಲಿನಲ್ಲೇ ಬಿದ್ದಿತ್ತು. ಅಂಥ ಬುದ್ಧಿಯ ಎದುರು ನಾನು ಅದಕ್ಕೂ ಮೊದಲು ನಿಂತಿರಲಿಲ್ಲ, ಆಮೇಲೂ ನಿಂತಿಲ್ಲ.

ಈಗ ಕಾಕಾ ಇಲ್ಲ. ಅವರ ಅಂಚುಗಳು ಇವೆ, ಕೆಟ್ಟದ್ದರ ಬದಲಿಗೆ ಹಾಕಿದ ಹೊಸದೂ ಸೇರಿ ಎರಡು ಡಿಸ್ಕಿನಲ್ಲೂ. ಸರ್ವರಿನ ಪುಟ ಹೊಸ ಆವೃತ್ತಿಗೆ ಬಂದಿದ್ದರಿಂದ ಮೊನ್ನೆ ಪ್ಲಗಿನ್ನನ್ನೂ ಹೊಸದಾಗಿ ಬರೆದು ಒಯ್ದಿದ್ದೆ. ಧೂಳು ಒರೆಸಿ, ಮುಚ್ಚಳ ಹಾಕಿ, ಏರಿಸುವ ಮೊದಲು ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ಒಂದೊಂದೇ ಹೆಜ್ಜೆ ಗಟ್ಟಿಯಾಗಿ ಓದಿದೆ. ಕಾರ್ಯದರ್ಶಿ ನನ್ನನ್ನೇ ಪಿಳಿಪಿಳಿ ನೋಡುತ್ತಿದ್ದರು. ಅಳಿಸುವ ಸಾಲಿಗೆ ಬಂದು ಸ್ವಲ್ಪ ತಡೆದೆ...

ತಪ್ಪಿದ್ದರೆ ಬೆರಳು ಎತ್ತುವವರು ಇರಲಿಲ್ಲ. ಮತ್ತೆ ಮೊದಲಿನಿಂದ ಓದಿದೆ.