ನಳಿಕೆಯನ್ನು ಬೆಳಕಿಗೆ ಹಿಡಿಯುವವರು

ಗೋಕಾಕದ ರಕ್ತ ಪರೀಕ್ಷಾ ಕೇಂದ್ರದ ಆ ತಂತ್ರಜ್ಞರು ಯಾರನ್ನೂ ನಂಬುತ್ತಿರಲಿಲ್ಲ, ತಮ್ಮ ಯಂತ್ರವನ್ನಂತೂ ಮೊದಲೇ ಇಲ್ಲ. ಅದು ಅಂಕಿ ಕೊಟ್ಟ ಮೇಲೂ ರಕ್ತದ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಗೊಣಗುತ್ತಿದ್ದರು: "ಒಳಗಿಂದು ಹೊರಗ ಹ್ಯಾಂಗ ಬಂತು?" ಜೀವಕೋಶದೊಳಗೆ ಕೆಲಸ ಮಾಡಿಕೊಂಡಿರಬೇಕಾದ ಕಿಣ್ವ ರಕ್ತದಲ್ಲಿ ಸಿಕ್ಕರೆ, ಎಲ್ಲೋ ಗೋಡೆ ಒಡೆದಿದೆ ಎಂದೇ ಅವರ ಲೆಕ್ಕ.

ಘೋಡಗೇರಿಯ ದವಾಖಾನೆಯಲ್ಲಿ ತೆಗೆಸಿದ ನಮ್ಮಣ್ಣನ ರಕ್ತವನ್ನು ಅಲ್ಲಿಗೆ ಒಯ್ದಿದ್ದೆ. ಅವನು ಕದ್ದು ಕುಡಿಯುತ್ತಾನೆಂದು ಅತ್ತಿಗೆಗೆ ಗುಮಾನಿ, ನನಗೂ ಇತ್ತು. ಯಕೃತ್ತಿನ ಕಿಣ್ವ ವಿಪರೀತ ಏರಿದ್ದು ಯಂತ್ರದಲ್ಲಿ ಕಂಡದ್ದೇ ಅಲ್ಲಿಂದಲೇ ಅತ್ತಿಗೆಗೆ ಫೋನ್ ಮಾಡಿದೆ: "ವೈನಿ, ನಿಮ್ಮ ಸಂಶಯ ಖರೆ ಐತ್ರಿ."

ತಂತ್ರಜ್ಞರು ನಳಿಕೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಮ್ಯಾಲಿನ ನೀರು ಹಳದಿ ಇರಬೇಕು, ಇದು ಕೆಂಪಾಗೈತಿ. ಹ್ಯಾಂಗ ತಂದ್ರಿ?"

"ಬಿಸಲಿಗೆ ಕೆಡಬಾರದಂತ ಐಸ್‌ಕ್ಯಾಂಡಿ ಡಬ್ಬಿಯಾಗ ಇಟ್ಟಿದ್ನಿರಿ."

"ರಕ್ತ ಬರ್ಫ ಆಗಿ ಕೆಂಪು ಕಣ ಒಡದಾವು. ಈ ಕಿಣ್ವ ಲಿವರಿನ್ಯಾಗಷ್ಟ ಅಲ್ರಿ, ಆ ಕಣದ ಒಳರಸದಾಗೂ ಇರ್ತೈತಿ. ಸೋರಿದ್ದನ್ನ ಯಂತ್ರ ಎಣಿಸೈತಿ."

ಮರುದಿನ ಅಣ್ಣನನ್ನೇ ಕರೆತಂದೆ. ಬಸ್ಸಿನಲ್ಲಿ ಅವನು ನನ್ನ ಪಕ್ಕ ಬಿಟ್ಟು ಬೇರೆ ಸೀಟಿಗೆ ಹೋಗಿ ಕೂತ. ಅತ್ತಿಗೆ ಮೂಡಲಗಿಯ ತವರಿಗೆ ಹೊರಟುಹೋಗಿದ್ದರು, ನನ್ನ ಫೋನೂ ಎತ್ತುತ್ತಿರಲಿಲ್ಲ. ಹೊಸ ರಕ್ತದಲ್ಲಿ ಕಿಣ್ವ ಸರಿಯಾಗಿತ್ತು.

ತಂತ್ರಜ್ಞರು ವರದಿಯನ್ನು ಅಣ್ಣನ ಕೈಗೆ ಕೊಟ್ಟರು, ಕಣ್ಣು ಮಾತ್ರ ನನ್ನ ಮೇಲೇ ಇತ್ತು.

"ರಕ್ತ ಇನ್ನೊಮ್ಮೆ ತಗೀಬಹುದ್ರಿ," ಎಂದರು. "ನಿನ್ನೆ ಫೋನಿನ್ಯಾಗ ಅಂದದ್ದನ್ನ ಹ್ಯಾಂಗ ಒಳಗ ಹಾಕ್ತೀರಿ?"