ಸ್ತ್ರೀವೇಷಕ್ಕೆ ಗಂಡಸಿನ ಇಂಜೆಕ್ಷನ್

ನನ್ನ ಗಂಡನಿಗೆ ಚೆಂಬೂರಿನಲ್ಲಿ ಒಂದು ಸಣ್ಣ ಹೋಟೆಲಿದೆ. ಊರಿನಿಂದ ಹೊತ್ತು ತಂದ ಒಂದು ಹುಚ್ಚೂ ಇದೆ: ಯಕ್ಷಗಾನದಲ್ಲಿ ಸ್ತ್ರೀವೇಷ. ನಮ್ಮ ಸಂಘದ ವಾರ್ಷಿಕ ಆಟದಲ್ಲಿ ರಾಣಿ ಎಂದರೆ ಅವರೇ. ಸೀರೆಯ ನೆರಿಗೆ ಅವರ ಕೈಗೆ ಬರುವಷ್ಟು ಚೆಂದ ನನ್ನ ಕೈಗೆ ಬರುವುದಿಲ್ಲ, ಇದನ್ನು ಹೇಳಲು ನನಗೆ ನಾಚಿಕೆಯೂ ಇಲ್ಲ.

ಐವತ್ತು ದಾಟಿದ ಮೇಲೆ ಆ ಮನುಷ್ಯ ಮಂಕಾದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಲ್ಲೇ ತೂಕಡಿಕೆ. ಯಾವುದರಲ್ಲೂ ಆಸಕ್ತಿಯಿಲ್ಲ, ನನ್ನಲ್ಲೂ ಇಲ್ಲ. ಅದನ್ನಾದರೂ ಸಹಿಸಿದೆ, ಆ ವರ್ಷ ವೇಷ ಬೇಡ ಎಂದಾಗ ನಿಜವಾಗಿ ಹೆದರಿಕೆಯಾಯಿತು.

ಡಾಕ್ಟರಮ್ಮ ಮರಾಠಿಯವರು, ನಮ್ಮ ದೋಸೆಯ ಹಳೆಯ ಗಿರಾಕಿ. ಎರಡು ಬೇರೆ ಬೇರೆ ದಿನ ಬೆಳಿಗ್ಗೆ ರಕ್ತ ತೆಗೆಸಿ, ಟೆಸ್ಟೋಸ್ಟೆರಾನ್ ಎಂಬ ಗಂಡಸಿನ ಹಾರ್ಮೋನು ತೀರಾ ಇಳಿದಿದೆ ಎಂದರು. ಸುಸ್ತಾದವರಿಗೆಲ್ಲ ಕೊಡುವ ಟಾನಿಕ್ ಇದಲ್ಲ, ನಿಜವಾಗಿ ಕಡಿಮೆ ಇದ್ದವರಿಗೆ ಮಾತ್ರ ಎಂದು ಮೊದಲೇ ಹೇಳಿ, ಪ್ರಾಸ್ಟೇಟ್ ಪರೀಕ್ಷೆ ಮಾಡಿಸಿ, ಮೂರು ವಾರಕ್ಕೊಂದು ಇಂಜೆಕ್ಷನ್ ಬರೆದರು. ಇದು ವೀರ್ಯವನ್ನು ಕಡಿಮೆ ಮಾಡುತ್ತದೆ, ಇನ್ನೂ ಮಕ್ಕಳು ಬೇಕೆಂದಿದ್ದರೆ ಈಗಲೇ ಹೇಳಿ ಎಂದೂ ಕೇಳಿದರು. ಮಗಳ ಮದುವೆಯನ್ನೇ ಮುಗಿಸಿದ್ದ ಇವರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ನಾನು ಸೆರಗನ್ನು ಬಾಯಿಗೆ ಒತ್ತಿ ನಕ್ಕೆ.

"ಸ್ತ್ರೀವೇಷದವನಿಗೆ ಗಂಡಸಿನ ಇಂಜೆಕ್ಷನ್ ಅಂತ ಗೊತ್ತಾದ್ರೆ ನನ್ನ ಮರ್ಯಾದೆ ಹೋಯ್ತು. ಯಾರಿಗೂ ಹೇಳ್ಬೇಡ ಮಾರಾಯ್ತಿ" ಎಂದರು ಮನೆಗೆ ಬಂದು. ನಾನು ಅಕ್ಕನಿಗೆ ಮಾತ್ರ ಹೇಳಿದೆ. ವಾರದೊಳಗೆ ಸುದ್ದಿ ನಗರದ ಇನ್ನೊಂದು ತುದಿಯ ದಹಿಸರ್ ಮುಟ್ಟಿತ್ತು.

ಕೆಲವು ತಿಂಗಳಲ್ಲಿ ಮನುಷ್ಯ ಚಿಗುರಿದರು. ಗಡ್ಡ ಬೋಳಿಸುವಾಗ ಯಕ್ಷಗಾನದ ಪದ ಗುನುಗುವುದು ಮತ್ತೆ ಶುರುವಾಯಿತು. ಮುಂದಿನ ಆಟಕ್ಕೆ ರಾಣಿಯ ವೇಷ ನನ್ನದೇ ಎಂದು ಸಂಘಕ್ಕೆ ಫೋನ್ ಹೋಯಿತು.

ಎಡವಟ್ಟಾದದ್ದು ಅಲ್ಲಿ. ನಾಳೆ ಗಿರಾಕಿ ಹೆಚ್ಚು ಎಂದಾದರೆ ಹೋಟೆಲಿನವರು ಇಂದೇ ಹೆಚ್ಚು ಹಿಟ್ಟು ರುಬ್ಬಿಡುತ್ತಾರೆ. ಇವರು ಅದೇ ಬುದ್ಧಿಯನ್ನು ಮೈಗೂ ಓಡಿಸಿದರು. ಇಂಜೆಕ್ಷನ್ ಆದ ಮೊದಲ ವಾರ ಹುರುಪು, ಮೂರನೆಯ ವಾರ ಸ್ವಲ್ಪ ಇಳಿತ. ಆಟ ಆ ಇಳಿತದ ದಿನವೇ ಬಂದುಬಿಟ್ಟರೆ? ನನಗೂ ಡಾಕ್ಟರಮ್ಮನಿಗೂ ಹೇಳದೆ, ಸ್ಟೇಷನ್ ಹತ್ತಿರದ ಯಾವುದೋ ದವಾಖಾನೆಯಲ್ಲಿ ವಾರ ವಾರವೂ ಚುಚ್ಚಿಸಿಕೊಳ್ಳತೊಡಗಿದರು.

ಬಣ್ಣ ಹಚ್ಚುವ ಮೊದಲೇ ಮುಖ ಕೆಂಪಾಯಿತು. ತಲೆನೋವು ಬೇರೆ. ಗೊರಕೆಯಂತೂ ಇಡೀ ಬಿಲ್ಡಿಂಗಿಗೆ ಕೇಳುವಂತಿತ್ತು. ನಾನೇ ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಕೆಂಪು ಕಣ ಹೆಚ್ಚಾಗಿ ರಕ್ತ ಮಂದವಾಗಿತ್ತು. ಇವರು ತಲೆ ತಗ್ಗಿಸಿ ಹಿಟ್ಟಿನ ಲೆಕ್ಕವನ್ನು ಬಾಯಿಬಿಟ್ಟಾಗ ಡಾಕ್ಟರಮ್ಮ ಮೇಜು ಕುಟ್ಟಿದರು.

"ಅರೇ ಅಣ್ಣಾ, ಯೇ ದವಾಯಿ ಹೈ, ಇಡ್ಲಿ ಕಾ ಬ್ಯಾಟರ್ ನಹೀ!"

ಇದು ಔಷಧಿ, ಇಡ್ಲಿಯ ಹಿಟ್ಟಲ್ಲ; ಇಷ್ಟು ಮಂದವಾದ ರಕ್ತ ಎಲ್ಲಾದರೂ ಹೆಪ್ಪುಗಟ್ಟಿ ಮಿದುಳಿಗೆ ಅಡ್ಡ ನಿಂತರೆ ಮುಗಿಯಿತು ಎಂದರು. ಇಂಜೆಕ್ಷನ್ ಬಂದ್. ಒಂದು ಬಾಟಲಿ ರಕ್ತ ತೆಗೆಸಬೇಕು. ಎಲ್ಲ ಸರಿಯಾದ ಮೇಲೆ ಕಡಿಮೆ ಡೋಸಿನಲ್ಲಿ ಮತ್ತೆ ನೋಡೋಣ. ಇಷ್ಟೆಲ್ಲ ಕೇಳಿ ಈ ಮಹಾನುಭಾವರು ಆಡಿದ ಮೊದಲ ಮಾತು, "ಹಾಗಾದ್ರೆ ಆಟ?"

ನನ್ನ ಪಿತ್ತ ನೆತ್ತಿಗೇರಿತು. ರಿಕ್ಷಾದಲ್ಲಿ ಚೆಂಬೂರು ಪೂರ್ತಿ ಕೇಳುವ ಹಾಗೆ ಬೈದೆ. "ನಿಮ್ಗೆ ತಲೆ ಸಮ ಉಂಟಾ? ಕುಣಿಯುವ ಗಂಡ ಬೇಡ ನಂಗೆ. ಮನೆಯಲ್ಲಿ ಕೂತು ಮಜ್ಜಿಗೆ ಕುಡಿಯುವ ಗಂಡ ಸಾಕು. ನೀವು ಇದ್ರೆ ಸಾಕು, ಗೊತ್ತಾಯ್ತಾ?" ಕೊನೆಯ ಮಾತಿಗೆ ಬರುವಾಗ ಅಳು ಬಂದುಬಿಟ್ಟಿತು.

ಆಟದ ಹೊತ್ತಿಗೆ ರಕ್ತ ಹದಕ್ಕೆ ಬಂದಿತ್ತು. ಹೆಚ್ಚು ಕುಣಿತ ಬೇಡ ಎಂಬ ಷರತ್ತಿನ ಮೇಲೆ ಡಾಕ್ಟರಮ್ಮ ಒಪ್ಪಿದರು. ಇಂಜೆಕ್ಷನ್ ಇನ್ನೂ ಶುರುವಾಗಿರಲಿಲ್ಲ. "ಮೈಯಲ್ಲಿ ಏನೂ ಇಲ್ಲ ಮಾರಾಯ್ತಿ, ರಂಗದಲ್ಲಿ ನಿಂತೇಬಿಟ್ರೆ?" ಎಂದು ಸೀರೆ ಉಡುವಾಗಲೂ ಹಲುಬಿದರು.

ಯುದ್ಧಕ್ಕೆ ಹೊರಟ ರಾಜನನ್ನು ರಾಣಿ ತಡೆಯುವ ದೃಶ್ಯ. ಎರಡು ಸುತ್ತು ಕುಣಿಯುವುದರೊಳಗೆ ಇವರಿಗೆ ಏದುಸಿರು. ನಿಂತೇಬಿಟ್ಟರು. ಹಾಡುತ್ತಿದ್ದ ಭಾಗವತರು ಇವರ ಮುಖ ನೋಡಿ ಪದ ಮುಗಿಸಿದರು. ಇನ್ನು ಮಾತು. ಯಕ್ಷಗಾನದಲ್ಲಿ ಮಾತನ್ನು ಯಾರೂ ಬರೆದುಕೊಡುವುದಿಲ್ಲ, ವೇಷಧಾರಿಯೇ ಅಲ್ಲೇ ಕಟ್ಟಬೇಕು. ನಾನು ಮುಂದಿನ ಸಾಲಿನಲ್ಲಿ ಅಕ್ಕನ ಜೊತೆ ಕೂತಿದ್ದೆ.

ಇವರು ಸೆರಗು ಸರಿಮಾಡಿಕೊಂಡು ರಾಜನ ಎದುರು ಬಂದರು.

"ಮಹಾರಾಜಾ, ಗೆದ್ದು ಬರುವ ಗಂಡ ಬೇಡ ನನಗೆ. ಅರಮನೆಯಲ್ಲಿ ಕೂತು ಮಜ್ಜಿಗೆ ಕುಡಿಯುವ ಗಂಡ ಸಾಕು. ನೀವು ಇದ್ದರೆ ಸಾಕು, ತಿಳಿಯಿತೇ?"

ಸಭೆ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿತು. ರಾಣಿ ಒಂದು ಸಲ ನನ್ನ ಕುರ್ಚಿಯ ಕಡೆ ನೋಡಿದಳು.

"ಹೆಂಗಸಿನ ಮನಸ್ಸು ಎಷ್ಟು ಚೆಂದ ಗೊತ್ತುಂಟು ನೋಡು ನಿನ್ನ ಗಂಡನಿಗೆ! ಎಲ್ಲಿಂದ ಹುಟ್ಟಿಸ್ತಾರೋ ಈ ಮಾತು" ಎಂದಳು ಪಕ್ಕದಲ್ಲಿದ್ದ ಅಕ್ಕ.

ನಾನು ಕಣ್ಣೊರೆಸಿಕೊಂಡೆ. ಈ ಸಲ ಅಕ್ಕನಿಗೆ ಏನೂ ಹೇಳಲಿಲ್ಲ.