ಮನೆತನದ ಹೆಸರು ಸಾಲದು

ಹಬೆಯಾಡುವ ಚಹಾದ ಕಪ್ಪನ್ನು ದೂರ ಹಿಡಿದು, ಬಲಗೈಯಿಂದ ಗಾಳಿ ಬೀಸಿ ವಾಸನೆಯನ್ನು ಮೂಗಿನತ್ತ ತಂದುಕೊಂಡ ಮೇಲೆಯೇ ಅವರು ಕುಡಿಯುತ್ತಿದ್ದುದು. ಲ್ಯಾಬಿನ ಅಭ್ಯಾಸ. ಬಸವಕಲ್ಯಾಣದಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಕಾಲೇಜಿನ ಕೆಮಿಸ್ಟ್ರಿ ಸರ್. ರಿಟೈರ್ ಆದಮೇಲೆ ಗೋಡೆಯಾಚೆಯ ನೇಬರ್. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಸಂಶಯವೇ ಸಿನ್ ಎಂದು ಕಲಿಸಿದ್ದರು. ಇವರ ಧರ್ಮವೇ ಸಂಶಯ.

ಘಾಟಬೋರಾಳದಿಂದ ಹಾಲು ತರುವವಳನ್ನು ದಿನಾ ಕೇಳುವರು: "ಇವತ್ತ ನೀರಿಗಿ ಹಾಲ ಎಷ್ಟ ಹಾಕೀಯವಾ?"

"ಸರ್ರ, ನಿಮಗ ನಿಮ್ಮ ನೆರಳ ಮ್ಯಾಲೂ ಭರೋಸಾ ಇಲ್ರಿ," ಎನ್ನುವಳು ಅವಳು.

ಹೋದ ವರ್ಷ ಅವಳ ಎಮ್ಮೆ ಕರು ಹಾಕಿ ಏಳಲಾರದೆ ಬಿತ್ತು. ಮನೆಗೆ ಅದೊಂದೇ ಆಧಾರ. ಹುಮನಾಬಾದಿನ ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಕೂಲಿಗಿದ್ದ ಅಳಿಯ, ಗುಜರಿಗೆ ಹೋಗಲಿದ್ದ ಡಬ್ಬಿ ತಂದುಕೊಟ್ಟಿದ್ದ. ಒಳಗೆ ಬಿಳಿ ಪುಡಿ. ಹರಿದ ಲೇಬಲ್ಲಿನಲ್ಲಿ ಉಳಿದದ್ದು CH₂O ಮಾತ್ರ. ಗ್ಲೂಕೋಸಿನ ಎಂಪಿರಿಕಲ್ ಫಾರ್ಮುಲಾ ಅದೇ ಎಂದು ಅವನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ. ಗ್ಲೂಕೋಸೇ ಎಂದು ನಂಬಿ, ಎಮ್ಮೆಗೆ ಎಷ್ಟು ಕುಡಿಸಬೇಕೆಂದು ಕೇಳಲು ಅವಳು ಬಂದಳು. ವಿಷವಿದ್ದೀತು ಎಂದು ಸರ್ ಡಬ್ಬಿಯನ್ನೇ ಕಸಿದುಕೊಂಡರು.

"ಹಾಲಿಗಿ ನೀರ ಅಂದ್ರಿ, ಈಗ ಗ್ಲೂಕೋಸಿಗಿ ವಿಷಾ ಅಂತೀರೇನು? ಕೊಡ್ರಿ ಇಲ್ಲಿ. ಎಮ್ಮಿ ಸಾಯಾಕತ್ತದ."

"ಫಾರ್ಮುಲಾ ಕರೆಕ್ಟ್ ಇದೆಯಲ್ಲ ಸರ್?" ಎಂದೆ ನಾನು.

"ಅದು ಬರೇ ಮನಿತನದ ಹೆಸರ್ರಿ ಮೇಡಂ. ಪಾಟೀಲ್ರು ಬಂದಾರಂದ್ರ ಸುಮ್ಮನ ಬಾಗಲಾ ತೆಗೀತೀರೇನು? ಯಾವ ಪಾಟೀಲ್ರು, ಎಷ್ಟ ಮಂದಿ ಅಂತ ಕೇಳಂಗಿಲ್ಲ? ಎಂಪಿರಿಕಲ್ ಫಾರ್ಮುಲಾ ಪ್ರಮಾಣ ಅಷ್ಟ ಹೇಳತದ. ಎಣಿಕಿ ಹೇಳೋದು ಮಾಲೆಕ್ಯುಲರ್ ಫಾರ್ಮುಲಾ. ಇಂಥಾ ಆರ ಕೂಡಿದ್ರ ಗ್ಲೂಕೋಸ್, C₆H₁₂O₆. ಒಂದ ಇದ್ರ ಫಾರ್ಮಾಲ್ಡಿಹೈಡ್, ಹೆಣಾ ಕೆಡದಂಗ ಇಡೋದು. ಅದರ ಪುಡೀನೂ ಸಿಗತದ."

ಅಂಗಳದಲ್ಲಿ ಒಂದು ಚಿಟಿಕೆಯನ್ನು ಬಿಸಿನೀರಿಗೆ ಹಾಕಿ ನಮ್ಮನ್ನು ದೂರ ನಿಲ್ಲಿಸಿದರು. ಆದರೂ ಘಾಟಿಗೆ ಮೂವರ ಕಣ್ಣಲ್ಲೂ ನೀರು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಇದನ್ನ ಕುಡಸಾಕ ಹೊಂಟಿದ್ನಲ್ಲ, ಯವ್ವಾ."

ಸರ್ ತಾವೇ ದನದ ಡಾಕ್ಟರಿಗೆ ಫೋನ್ ಹಚ್ಚಿದರು. ಕ್ಯಾಲ್ಸಿಯಂ ಏರಿಸಿದ ಮೇಲೆ ಎಮ್ಮೆ ಎದ್ದಿತು. ನೀರಿನ ಪ್ರಶ್ನೆ ಆಮೇಲೂ ನಿಲ್ಲಲಿಲ್ಲ, ಅವಳ ಉತ್ತರ ಮಾತ್ರ ಬದಲಾಯಿತು: "ನೋಡೇ ತಗೋರ್ರಿ ಸರ್ರ."

ಈ ಚಳಿಗಾಲದಲ್ಲಿ ಸರ್ ಹುಮನಾಬಾದಿನ ಆಸ್ಪತ್ರೆ ಸೇರಿದರು. ಮೊದಮೊದಲು ಪ್ರತಿ ಮಾತ್ರೆಗೂ ನರ್ಸಿಗೆ ಅವರ ಕ್ರಾಸ್ ಎಕ್ಸಾಮಿನೇಷನ್. ಅದು ಕೇಳಿಸುತ್ತಿರುವವರೆಗೆ ನನಗೆ ಹೋಪ್ ಇತ್ತು. ಒಂದು ಸಂಜೆ ನರ್ಸ್ ಹೊಸ ಬಾಟಲಿ ತೂಗುಹಾಕಿದಾಗ ಸರ್ ಏನೂ ಕೇಳಲಿಲ್ಲ. ಸುಮ್ಮನೆ ಕೈ ಚಾಚಿದರು.

ಹಾಸಿಗೆಯ ಪಕ್ಕ ಕೂತಿದ್ದ ಹಾಲಿನವಳು ಎದ್ದು ನಿಂತಳು. "ಏನದ ಅದ್ರಾಗ? ಪೂರಾ ಹೆಸರ ಹೇಳ್ರಿ ತಾಯಿ." ನರ್ಸ್ ಹೇಳಿದರೂ ನಂಬಲಿಲ್ಲ. "ಮೇಡಂ, ನೀವ ಓದ್ರಿ."

ನಾನು ಕನ್ನಡಕ ಹಾಕಿಕೊಂಡು ಬಾಟಲಿಯ ಮೇಲಿದ್ದದ್ದನ್ನೆಲ್ಲ ಜೋರಾಗಿ ಓದಿದೆ. ಸರ್ ಕೇಳಿಸಿಕೊಂಡರೋ ಇಲ್ಲವೋ. ಬೆಳಗಾಗುವ ಮೊದಲೇ ಹೋದರು.